ಎರಡು ಬಾಗಿಲಿನ ಹಳದಿ ಗಾಡಿ

ಹಿರಿಯೂರು
೯ ಜೂನ್ ೨೦೨೪

ತಂಗಿ ರೇಣುಕಾಗೆ,

ಹಿರಿಯೂರಿನಿಂದ ಅಣ್ಣ ರೇವಣಸಿದ್ದಪ್ಪ ಬರೆಯುವುದು. ನಾವೆಲ್ಲ ಆರೋಗ್ಯವಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಕ್ಕೇ ಈ ಪತ್ರ, ಆದರೆ ಸುಮ್ಮನೆ ಕೇಳುತ್ತಿಲ್ಲ, ಕಾರಣವಿದೆ.

ಫೋನ್ ಯಾಕೆ ಮಾಡಲಿಲ್ಲ ಅನ್ನುತ್ತೀಯ. ನಿನ್ನ ಅತ್ತಿಗೆ ಕಮಲಮ್ಮ ನನ್ನ ಫೋನನ್ನು ಸ್ಪೀಕರಿಗೆ ಹಾಕಿಯೇ ಕೈಗೆ ಕೊಡುತ್ತಾಳೆ. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ಅದಕ್ಕೇ ಕಾಗದ. ಲಕೋಟೆ ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿದ್ದೇನೆ. ಸಹಿಯ ಗೆರೆ ಕೂಡದಿದ್ದರೆ ಯಾರೋ ಬಿಚ್ಚಿ ಓದಿದ್ದಾರೆ ಎಂದು ತಿಳಿ, ನನಗೂ ತಿಳಿಸು.

ವಿಷಯಕ್ಕೆ ಬರುತ್ತೇನೆ. ತುರುವನೂರಿನ ಕಾಟಲಿಂಗಪ್ಪ ಟ್ರ್ಯಾಕ್ಟರಿಗೆ ಟೈರು ತರಲು ದುರ್ಗಕ್ಕೆ ಹೋಗಿದ್ದನಂತೆ. ಅಲ್ಲಿ ಮುಝಫರ್ ಎನ್ನುವವನು ಸೆಕೆಂಡ್ ಹ್ಯಾಂಡ್ ಕಾರು ಮಾರುವ ಜಾಗದಲ್ಲಿ ನಿನ್ನನ್ನು ನೋಡಿದನಂತೆ. "ನಿಮ್ಮ ತಂಗಿ ಹಳದಿ ಕಾರಲ್ಲಿ ಕುಂತಿದ್ರು, ರೇಸ್‌ನೋರು ಓಡ್ಸೋ ಅಂಥದ್ದು, ಎರಡೇ ಬಾಗ್ಲು ಐತೆ" ಅಂದ. ನಾನು ನಂಬಲಿಲ್ಲ. ಅವನು ಫೋಟೋ ತೋರಿಸಿದ. ಅವನು ಫೋಟೋ ಯಾಕೆ ತೆಗೆದ ಅನ್ನುವುದು ಬೇರೆ ವಿಚಾರ, ಅದನ್ನೂ ನೋಡಿಕೊಳ್ಳುತ್ತೇನೆ.

ನೀನು ನಲವತ್ತೆಂಟು ವರ್ಷದ ಹೆಂಗಸು. ಚಿಕ್ಕಜಾಜೂರಿನಂಥ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ಟರ್. ನಿನ್ನ ಗಂಡ ಪ್ರಸನ್ನಕುಮಾರ್ ತೀರಿಕೊಂಡ ಈ ಒಂಬತ್ತು ವರ್ಷದಲ್ಲಿ ನಿನಗಾಗಿ ಒಂದು ಒಳ್ಳೆಯ ಸೀರೆ ತೆಗೆದುಕೊಂಡದ್ದು ನಾನು ಕಾಣೆ. ಅಂಥವಳು ಇದ್ದಕ್ಕಿದ್ದ ಹಾಗೆ ಓಟದ ಕಾರಿನಲ್ಲಿ ಕೂತಳು ಅಂದರೆ ಹಿಂದೆ ಯಾರೋ ಇದ್ದಾರೆ. ಯಾರು? ಎರಡೇ ಬಾಗಿಲು ಯಾಕೆ? ಪಕ್ಕದ ಸೀಟು ಯಾರಿಗೆ? ಬೆಲೆ ಕಡಿಮೆ ಅಂತಲೂ ಕೇಳಿದೆ. ನಾನು ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಇಡೀ ಸರ್ವೀಸು ತಕ್ಕಡಿಗಳ ಅಡಿ ನೋಡಿದವನು. ಬೆಲೆ ಇಳಿದಿದೆ ಅಂದರೆ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿರುತ್ತಾರೆ.

ಎಲ್ಲಕ್ಕೂ ಉತ್ತರ ಬರೆ.

ನಿನ್ನ ಒಳ್ಳೆಯದನ್ನೇ ಬಯಸುವ ಅಣ್ಣ,
ರೇವಣಸಿದ್ದಪ್ಪ


ಚಿಕ್ಕಜಾಜೂರು
೧೬ ಜೂನ್ ೨೦೨೪

ಅಣ್ಣಾ,

ಸಹಿಯ ಗೆರೆ ಕೂಡಿತ್ತು. ಪೋಸ್ಟಿನವನು ಮಾತ್ರ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಕೋರ್ಟ್ ಕಾಗ್ದನಾ ಮೇಡಂ?" ಅಂದ. ನೀನು ಗುಟ್ಟು ಮುಚ್ಚಿಡುವ ರೀತಿಗೆ ಗುಟ್ಟಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ.

ಹೌದು, ಗಾಡಿ ನೋಡಿದೆ. ಒಂದಲ್ಲ, ಮೂರು ನೋಡಿದೆ. ಈಗ ನನ್ನ ಪಾಡು ನಿನಗೆ ಗೊತ್ತು. ದುರ್ಗದ ಮನೆಯಿಂದ ಬಸ್ ಸ್ಟ್ಯಾಂಡಿಗೆ ಸ್ಕೂಟರು, ಅಲ್ಲಿಂದ ಹೊಳಲ್ಕೆರೆಗೆ ಬಸ್ಸು, ಮತ್ತೆ ಬೇರೆ ಬಸ್ಸು, ಇಲ್ಲದಿದ್ದರೆ ಟೆಂಪೋ. ಡ್ಯೂಟಿ ಒಂದು ವಾರ ಬೆಳಗ್ಗೆ, ಒಂದು ವಾರ ರಾತ್ರಿ. ದಿನಾ ಓಡಿಸುವುದಕ್ಕೆ ಒಂದು ಗಾಡಿ ಬೇಕೇ ಬೇಕು. ಬೇಕು ಅಂದ ಮೇಲೆ, ಓಡಿಸಿದರೆ ಖುಷಿಯಾಗುವಂಥದ್ದೇ ಯಾಕಾಗಬಾರದು ಅನ್ನಿಸಿತು.

ಮೊದಲನೆಯದು ಶೋರೂಮಿನ ಹೊಸ ಗಾಡಿ. ನಾಲ್ಕು ಬಾಗಿಲು, ಟರ್ಬೊ ಎಂಜಿನ್ನು, ಜೋರು ಇದೆ. ಆದರೆ ಬೆಲೆ ನನ್ನ ಕೈಗೆ ಎಟುಕುವುದಿಲ್ಲ, ಮೇಲಾಗಿ ಅದರಲ್ಲಿ ಕೂತರೆ ಬ್ಯಾಂಕಿಗೆ ಹೊರಟ ಹಾಗೆ ಅನ್ನಿಸಿತು. ಎರಡನೆಯದು ಛಾವಣಿ ತೆಗೆಯುವಂಥದ್ದು, ನೋಡಲು ಬಲು ಚೆಂದ. ಆದರೆ ಅದಿರಿನ ಲಾರಿಗಳ ಹಿಂದೆ ಹೊಳಲ್ಕೆರೆ ದಾಟುವುದರೊಳಗೆ ತಲೆ ತುಂಬ ಕೆಂಧೂಳು. ಮೂರನೆಯದೇ ಮುಝಫರ್ ಅವರ ಹಳದಿ ಗಾಡಿ. ಗಿಡ್ಡ, ಹಗುರ, ಗೇರು ನಾವೇ ಹಾಕಿಕೊಳ್ಳಬೇಕು. ಹಿಂದೆ ಸೀಟು ಇದೆ, ನನ್ನ ಬ್ಯಾಗು ಮತ್ತು ಬಾವುಟ ಕೂರುವಷ್ಟು. ಲೀಟರಿಗೆ ಹದಿನಾಲ್ಕು ಕೊಡುತ್ತದಂತೆ, ಅವರು ಅಂದದ್ದಲ್ಲ, ಮೊದಲಿನ ಯಜಮಾನರಿಗೆ ಫೋನ್ ಮಾಡಿ ಕೇಳಿದೆ. ಸಾಮಾನು ದಾವಣಗೆರೆಯಲ್ಲಿ ಸಿಗುತ್ತದೆ. ಟೈರು ಇನ್ನೂ ಎರಡು ವರ್ಷ ಬಾಳುತ್ತವೆ. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೆ ನೀನು ಅವರಿಗೂ ಸಹಿ ಹಾಕಿದ ಲಕೋಟೆ ಕಳಿಸುತ್ತೀಯ.

ಪಕ್ಕದ ಸೀಟು ಯಾರಿಗೂ ಅಲ್ಲ. ಊಟದ ಡಬ್ಬಿಗೆ.

ಹಿಂದೆ ಯಾರಿದ್ದಾರೆ ಅಂದೆಯಲ್ಲ, ಯಾರೂ ಇಲ್ಲ ಅಣ್ಣ. ನನಗೆ ಖುಷಿ ಆಯಿತು, ಅಷ್ಟೆ. ಅತ್ತಿಗೆಗೆ ಕೇಳಿದೆ ಎಂದು ಹೇಳು.

ನಿನ್ನ ತಂಗಿ,
ರೇಣುಕಾ


ಹಿರಿಯೂರು
೨ ಜುಲೈ ೨೦೨೪

ರೇಣುಕಾಗೆ,

ನಿನ್ನ ಕಾಗದವನ್ನು ನಾಲ್ಕಾರು ಸಲ ಓದಿದೆ. ಖುಷಿ ಅನ್ನುವುದು ಒಂದು ಕಾರಣವಲ್ಲ. ಯಾವ ಅಂಗಡಿಯವನನ್ನು ಹಿಡಿದರೂ ಕೊನೆಗೆ ಉಳಿಯುವ ಮಾತು ಅಂಥದ್ದೇ ಇರುತ್ತದೆ, "ಸುಮ್ನೆ ಸಾರ್, ಹಂಗೇ ಇಟ್ಟಿದ್ದೆ" ಅನ್ನುತ್ತಾರೆ.

ನಾನು ಸುಮ್ಮನೆ ಕೂರಲಿಲ್ಲ. ದುರ್ಗಕ್ಕೆ ಹೋಗಿ, ಅಲ್ಲಿಂದ ನಿನ್ನ ಚಿಕ್ಕಜಾಜೂರಿನ ದಾರಿ ಹಿಡಿದು, ದೊಡ್ಡ ಹಂಪು ಬಂದಲ್ಲೆಲ್ಲ ಆಟೋ ನಿಲ್ಲಿಸಿ, ಇಲಾಖೆಯ ಹಳೆಯ ಟೇಪಿನಲ್ಲಿ ಅದರ ಎತ್ತರ ಅಳೆದೆ. ಒಂದೂರಿನಲ್ಲಿ ಹೋಟೆಲಿನವನು ನನ್ನನ್ನು ರಸ್ತೆ ಅಗಲ ಮಾಡುವ ಸಾಹೇಬ ಅಂದುಕೊಂಡು ಕುರ್ಚಿ ಹಾಕಿ, ಟೀ ಕೊಟ್ಟು, "ನಮ್ ಗ್ವಾಡೆ ಬಿಟ್ಟು ಆ ಕಡಿಗೆ ಒಡಿರಿ ಸಾರ್" ಅಂದ. ಅವನ ಅನುಮಾನ ಹೋಗಲಾಡಿಸುವುದಕ್ಕೇ ಅರ್ಧ ತಾಸು ಹಿಡಿಯಿತು. ಹೊಳಲ್ಕೆರೆಯ ಈಚೆಯ ಎರಡು ಹಂಪಿಗೆ ನಿನ್ನ ಗಾಡಿಯ ಹೊಟ್ಟೆ ಉಜ್ಜುತ್ತದೆ, ಬರೆದಿಟ್ಟುಕೋ. ಅಡ್ಡಡ್ಡ ಹತ್ತಿಸಿದರೆ ಮಾತ್ರ ದಾಟಬಹುದು. ದಿನಾ ಅಡ್ಡಡ್ಡ ಓಡಿಸುತ್ತೀಯಾ?

ಇನ್ನೊಂದು ವಿಷಯ. ಅಮಾವಾಸ್ಯೆ ಹತ್ತಿರ ಬಂತಲ್ಲ ಎಂದು ಮೊನ್ನೆ ಕಮಲಮ್ಮನನ್ನು ಕರೆದುಕೊಂಡು ಹಾಲುರಾಮೇಶ್ವರಕ್ಕೆ ಹೋಗಿದ್ದೆ. ಅಲ್ಲಿಯ ಗಂಗೆಯ ಕೊಳ ನಿನಗೆ ಗೊತ್ತು. ಮನಸ್ಸಿನಲ್ಲಿ ಕೇಳಿಕೊಂಡು ಕೈಮುಗಿದು ನಿಂತರೆ ನೀರಿನಿಂದ ಏನಾದರೂ ಬರುತ್ತದೆ, ಅದೇ ಗಂಗಮ್ಮನ ಉತ್ತರ. ಚಿಕ್ಕವರಿದ್ದಾಗ ಅಪ್ಪ ಬೋರ್‌ವೆಲ್ಲಿಗೆ ಕೇಳಿದ್ದರು, ಬಾಳೆಹಣ್ಣು ಬಂದಿತ್ತು, ನೀರೂ ಬಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ, ಆ ಗಾಡಿಯಲ್ಲಿ ನನ್ನ ತಂಗಿಯ ಪಕ್ಕ ಕೂರುವವರು ಯಾರು ಎಂದು.

ಹೂವಿನ ಜೊತೆ ಒಂದು ಹಸಿರು ಗಾಜಿನ ಬಳೆ ಬಂತು.

ಕಮಲಮ್ಮನಿಗೆ ನಾನು ಏನು ಕೇಳಿದೆ ಅನ್ನುವುದು ಗೊತ್ತಿಲ್ಲ. ಆದರೂ ಬಳೆ ನೋಡಿದ್ದೇ ಅಂದಳು, "ಯಾರ್ದೋ ಮದ್ವೆ ಐತೆ ಕಣ್ರಿ ಮನೇಲಿ." ಬಳೆಯನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಈಗ ಹೇಳು. ಅವನು ಯಾರು? ರೈಲ್ವೆಯವನಾ? ಹೇಳಿದರೆ ನಾನೇನು ನುಂಗಿಬಿಡುವುದಿಲ್ಲ. ಅವನ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತೇನೆ, ಅಷ್ಟೆ.

ಅಣ್ಣ,
ರೇವಣಸಿದ್ದಪ್ಪ


ಚಿಕ್ಕಜಾಜೂರು
೧೦ ಜುಲೈ ೨೦೨೪

ಅಣ್ಣಾ,

ಅವನು ಯಾರೂ ಇಲ್ಲ. ಇದ್ದಿದ್ದರೆ ನಾನೇ ನಿನ್ನ ಮನೆಗೆ ಕರೆದುಕೊಂಡು ಬಂದು ಕೂರಿಸುತ್ತಿದ್ದೆ, ನಿನಗೆ ಹೆದರುತ್ತಿರಲಿಲ್ಲ.

ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ನೀನು ನನ್ನ ಬಗ್ಗೆ ಕೇಳಿದೆ, ಗಂಗಮ್ಮ ನನ್ನ ಹೆಸರಿನಲ್ಲಿ ಒಂದು ಬಳೆ ಕೊಟ್ಟಳು. ಒಂಬತ್ತು ವರ್ಷದಿಂದ ಗಾಜಿನ ಬಳೆ ತೊಡದ ತಂಗಿಗೆ ಬಂದ ಬಳೆ ಅದು. ಅದನ್ನು ತಂದು ನನ್ನ ಕೈಗೆ ಕೊಡಬೇಕು ಎಂದು ನಿನಗೆ ಅನ್ನಿಸಲೇ ಇಲ್ಲ. ಕಳ್ಳಮಾಲು ಜಪ್ತಿ ಮಾಡಿದ ಹಾಗೆ ಬೀರುವಿನಲ್ಲಿ ಇಟ್ಟೆ. ಬಳೆ ಅಂದರೆ ಬಳೆ ಇರಬಹುದು, ಅದರ ಹಿಂದೆ ಒಬ್ಬ ಗಂಡಸು ಇರಲೇಬೇಕಾ?

ವೇಗ ಅಂದರೆ ನಿನಗೆ ಭಯ, ಅದು ನನಗೆ ಅರ್ಥವಾಗುತ್ತದೆ. ಆದರೆ ಒಂದು ಮಾತು. ಐಮಂಗಲದ ಹತ್ತಿರ ಆ ಅಪಘಾತವಾದಾಗ ಪ್ರಸನ್ನ ವೇಗವಾಗಿ ಹೋಗುತ್ತಿರಲಿಲ್ಲ. ಪಂಕ್ಚರ್ ಆದ ಸ್ಕೂಟರನ್ನು ರಸ್ತೆ ಬದಿಗೆ ಹಾಕಿ ನಿಂತಿದ್ದರು. ನಿಂತಿದ್ದರು ಅಣ್ಣ.

ಮುಂದಿನ ತಿಂಗಳು ಸಂಬಳ ಬಂದ ಕೂಡಲೇ ಮುಝಫರ್ ಅವರಿಗೆ ಅಡ್ವಾನ್ಸ್ ಕೊಡುತ್ತೇನೆ. ಇನ್ನು ಈ ವಿಷಯ ಬರೆಯಬೇಡ.

ರೇಣುಕಾ


ಚಿತ್ರದುರ್ಗ
೪ ಆಗಸ್ಟ್ ೨೦೨೪

ಅಣ್ಣಾ,

ನಿನ್ನೆ ಅಡ್ವಾನ್ಸ್ ಹಿಡಿದುಕೊಂಡು ಮುಝಫರ್ ಅವರಲ್ಲಿಗೆ ಹೋದೆ. ಹಳದಿ ಗಾಡಿಯ ಕನ್ನಡಿಗೆ "ಬುಕ್ ಆಗಿದೆ" ಎಂದು ಚೀಟಿ ಅಂಟಿಸಿದ್ದರು. ಅವರು ಪಾಪ ಕೈ ಹಿಸುಕಿಕೊಂಡು ಹೇಳಿದರು, "ನೀವು ಬರ್ತೀರಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಮೇಡಂ. ಹಿರಿಯೂರು ಕಡೆಯೋರು, ವಯಸ್ಸಾದೋರು. ಟಾರ್ಚ್ ಹಿಡ್ಕಂಡು ಗಾಡಿ ಕೆಳಗೆ ತೂರಿದ್ರು. ಡಿಕ್ಕಿ ಮೂಲೇಲೆಲ್ಲ ಬೆರಳು ಆಡ್ಸಿದ್ರು. ಆಮ್ಯಾಕೆ ದುಡ್ಡು ಕೊಟ್ಟು, ರಶೀದಿ ಮಡಚಿ ಅಂಟಿಸಿ, ಅದರ ಮ್ಯಾಲೆ ಅಡ್ಡಡ್ಡ ಸಹಿ ಹಾಕಿದ್ರು."

ಹೆಸರು ಕೇಳುವ ಅಗತ್ಯ ನನಗೆ ಬೀಳಲಿಲ್ಲ.

ಈಗ ನಾನು ಕೇಳುತ್ತೇನೆ, ನೀನು ಉತ್ತರ ಬರೆ. ಅರವತ್ತೊಂದು ವರ್ಷದ ಗಂಡಸಿಗೆ ಇದ್ದಕ್ಕಿದ್ದ ಹಾಗೆ ಓಟದ ಕಾರು ಯಾಕೆ ಬೇಕಾಯಿತು? ಹಿಂದೆ ಯಾರಿದ್ದಾರೆ? ಅತ್ತಿಗೆಗೆ ಗೊತ್ತಾ? ಎರಡೇ ಬಾಗಿಲು ಯಾಕೆ? ಪಕ್ಕದ ಸೀಟು ಯಾರಿಗೆ?

ಸತ್ಯವನ್ನೇ ಬರೆ. ಸತ್ಯವಲ್ಲದ್ದನ್ನು ಬರೆಯುವುದಾದರೆ ಬರೆಯಲೇಬೇಡ. ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ವಸ್ತುವನ್ನು ಬೇಕು ಅಂದೆ, ಅದನ್ನೂ ನೀನು ತೆಗೆದುಕೊಂಡೆ.

ರೇಣುಕಾ


ಹಿರಿಯೂರು
೧೮ ಆಗಸ್ಟ್ ೨೦೨೪

ತಂಗಿ ರೇಣುಕಾಗೆ,

ನಿನ್ನ ಕಾಗದ ಬಂದ ದಿನದಿಂದ ಸರಿಯಾಗಿ ಊಟ ಸೇರಿಲ್ಲ. ಕಮಲಮ್ಮನಿಗೆ ಎಲ್ಲ ಹೇಳಿದೆ. "ಅನುಮಾನಂ ಪೆದ್ದರೋಗಂ ಅಂತ ಸುಮ್ನೆ ಅಂದಿಲ್ಲ ದೊಡ್ಡೋರು. ಕುಂತ್ಕಂಡು ಆಕೆಗೆ ನಿಜ ಬರೀರಿ" ಅಂದಳು. ಬರೆಯುತ್ತಿದ್ದೇನೆ.

ಗಾಡಿ ನಾನೇ ಹಿಡಿದದ್ದು. ಕೊಳ್ಳುವುದಕ್ಕಲ್ಲ. ಅಡ್ವಾನ್ಸ್ ಕೊಟ್ಟು ತಡೆದು ಹಿಡಿದರೆ ನೀನು ಬೇಸತ್ತು ಬೇರೆ ಯಾವುದಾದರೂ ಸಾದಾ ಗಾಡಿ ತೆಗೆದುಕೊಳ್ಳುತ್ತೀಯ, ಆಮೇಲೆ ನಾನು ಬಿಟ್ಟುಬಿಟ್ಟರಾಯಿತು ಎಂದು ಲೆಕ್ಕ ಹಾಕಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಆ ಮುಝಫರ್ ಬಿಡಲಿಲ್ಲ. "ಹೊಡ್ದು ನೋಡ್ದೆ ಅಡ್ವಾನ್ಸ್ ಕೊಡೋರ ಮ್ಯಾಲೆ ನಂಗೆ ಅನುಮಾನ ಸಾರ್. ಕೀ ತಗಳ್ರಿ" ಅಂದ. ನನ್ನ ಮೇಲೆ ಒಬ್ಬ ಅನುಮಾನ ಪಟ್ಟದ್ದು ಅದೇ ಮೊದಲು. ಮರ್ಯಾದೆಗೆ ಅಂಜಿ ಹತ್ತಿದೆ. ಹತ್ತಿದೆ ಅನ್ನುವುದಕ್ಕಿಂತ ಇಳಿದೆ ಅನ್ನಬೇಕು, ಊಟದ ಪಂಕ್ತಿಯಲ್ಲಿ ನೆಲಕ್ಕೆ ಕೂತ ಹಾಗೆ ಇರುತ್ತದೆ.

ಹಿರಿಯೂರು ರಸ್ತೆ ಹಿಡಿದೆ. ಮುಝಫರ್ ಪಕ್ಕದಲ್ಲಿದ್ದ. ಮೂರನೇ ಗೇರಿಗೆ ಹಾಕಿದಾಗ ಗಾಡಿ ಮುಂದಕ್ಕೆ ಜಿಗಿಯಿತು. ಬೆನ್ನು ಸೀಟಿಗೆ ಅಂಟಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದರ ಹಿಂದೆ ಒಂದು ಹಿಂದಕ್ಕೆ ಸರಿದವು. ಸ್ಟಿಯರಿಂಗ್ ಎಷ್ಟು ತಿರುಗಿಸಿದೆನೋ ಅಷ್ಟೇ ತಿರುಗುತ್ತಿತ್ತು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಸರ್ವೀಸಿನಲ್ಲಿ ಅಷ್ಟು ನಿಖರವಾದ ತಕ್ಕಡಿ ಕಂಡಿಲ್ಲ. "ಸಾರ್, ನಗ್ತಿದೀರಿ" ಅಂದ ಮುಝಫರ್. ನಾನು ನಗುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಐಮಂಗಲ ಬಂತು. ಬದಿಗೆ ಹಾಕಿ ನಿಲ್ಲಿಸಿದೆ. ಅಲ್ಲಿಂದ ವಾಪಸ್ ಅವನೇ ಓಡಿಸಿದ.

ಈಗ ನಿಜ ಬರೆಯುತ್ತೇನೆ. ನಾನು ನಿನ್ನ ಹಿಂದೆ ಗಂಡಸಿದ್ದಾನೆ ಎಂದು ಬರೆದೆ, ಗಾಡಿಯವನು ಮೋಸಗಾರ ಎಂದು ಬರೆದೆ, ಹಂಪು ಅಳೆದೆ. ನನ್ನ ನಿಜವಾದ ಅನುಮಾನ ಬೇರೆ. ಅದನ್ನು ಬಾಯಲ್ಲಿ ಆಡಲಾರದೆ ಉಳಿದದ್ದನ್ನೆಲ್ಲ ಬರೆಯುತ್ತಿದ್ದೆ.

ಪ್ರಸನ್ನ ತೀರಿಕೊಂಡ ತಿಂಗಳು ನೀನು ರಜೆಯಲ್ಲಿದ್ದೆ. ಒಂದು ಮಧ್ಯಾಹ್ನ ನಿಮ್ಮ ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಜುಂಜಣ್ಣ ನನಗೆ ಫೋನ್ ಮಾಡಿದ. "ಮೇಡಂ ಪ್ಲಾಟ್‌ಫಾರ್ಮ್ ತುದೀಲಿ ಒಬ್ರೇ ಕುಂತದಾರೆ, ಕರದ್ರೂ ಮಾತಾಡ್ತಿಲ್ಲ. ನಾನು ಇಲ್ಲೇ ಹಿಂದೆ ನಿಂತಿರ್ತೀನಿ, ನೀವು ಬೇಗ ಬರ್ರಿ ಸಾರ್" ಅಂದ. ನಾನು ಬಂದು ಕರೆದುಕೊಂಡು ಹೋದೆ. ದಾರಿಯಲ್ಲಿ ಹೊಳಲ್ಕೆರೆಯಲ್ಲಿ ಟೀ ಕುಡಿಸಿದೆ. ನೀನು ಯಾಕೆ ಅಲ್ಲಿ ಕೂತಿದ್ದೆ ಎಂದು ನಾನು ಕೇಳಲಿಲ್ಲ. ಉತ್ತರ ಕೇಳುವ ಧೈರ್ಯ ನನಗಿರಲಿಲ್ಲ. ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳಿಕೊಂಡೇ ಬದುಕಿದವನು ಅದೊಂದನ್ನು ಕೇಳಲಿಲ್ಲ.

ಈಗ ಒಂಬತ್ತು ವರ್ಷ ಏನನ್ನೂ ಬೇಡದವಳು ವೇಗದ ಗಾಡಿ ಬೇಕು ಅಂದೆ, ಪಕ್ಕದ ಸೀಟು ಯಾರಿಗೂ ಅಲ್ಲ ಅಂದೆ. ನೀನು ಯಾರನ್ನೋ ಕಟ್ಟಿಕೊಂಡು ಹೋಗುತ್ತೀಯ ಅನ್ನುವುದಾದರೆ ನನಗೆ ಸಮಾಧಾನವೇ ಆಗುತ್ತಿತ್ತು ರೇಣುಕಾ. ಒಬ್ಬಳೇ ಹೋಗುತ್ತೀಯ ಅನ್ನುವುದಕ್ಕೇ ನಾನು ಹೆದರಿದ್ದು.

ಇದೊಂದಕ್ಕೆ ಉತ್ತರ ಕೊಡು. ಗಾಡಿ ನಿನ್ನದು.

ರೇವಣಸಿದ್ದಪ್ಪ


ಚಿಕ್ಕಜಾಜೂರು
೨೫ ಆಗಸ್ಟ್ ೨೦೨೪

ಅಣ್ಣಾ,

ಡ್ಯೂಟಿ ಮುಗಿಸಿ ಇಲ್ಲೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಅತ್ತೆ. ಜುಂಜಣ್ಣ ಟೀ ತಂದಿಟ್ಟು ಹೋದ. ಅವತ್ತು ಅವನು ನಿನಗೆ ಫೋನ್ ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ, ನೀನಾಗಿಯೇ ಬಂದೆ ಅಂದುಕೊಂಡಿದ್ದೆ.

ಅವತ್ತು ಯಾಕೆ ಹೋಗಿ ಕೂತೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ನಿನ್ನ ಅನುಮಾನ ಪೂರ್ತಿ ತಪ್ಪು ಅನ್ನಲಾರೆ. ಆದರೆ ಆಮೇಲೆ ನಡೆದದ್ದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಒಂದು ಗೂಡ್ಸ್ ಗಾಡಿ ಬಂತು, ಇಲ್ಲಿ ನಿಲ್ಲದೆ ಹೋಗುವಂಥದ್ದು. ನಾನು ಎದ್ದು ನಿಂತೆ. ಅಂಥ ಗಾಡಿ ಬಂದಾಗ ನಿಂತು ಬಾವುಟ ತೋರಿಸಿ ತೋರಿಸಿ ಕೈಗೆ ಅದೇ ರೂಢಿ, ಬಾವುಟವಿಲ್ಲದಿದ್ದರೂ ಕೈ ಮೇಲಕ್ಕೆ ಹೋಯಿತು. ಕೊನೆಯ ಡಬ್ಬಿಯಲ್ಲಿದ್ದ ಗಾರ್ಡು ನನ್ನನ್ನು ನೋಡಿ, ಹಸಿರು ಬಾವುಟ ಬೀಸಿಕೊಂಡು ಹೋದ. ಎಲ್ಲ ಸರಿಯಿದೆ, ಹೋಗಿ ಬರುತ್ತೇನೆ ಅನ್ನುವ ಹಾಗೆ. ಅವನಿಗೆ ನಾನು ಯಾರು, ಏನಾಗಿದೆ, ಯಾವುದೂ ಗೊತ್ತಿಲ್ಲ. ನಾನು ಮತ್ತೆ ಕೂತೆ. ಅಷ್ಟರಲ್ಲಿ ನೀನು ಬಂದೆ.

ಅಲ್ಲಿಂದ ಇಲ್ಲಿಯವರೆಗೆ ಹೋಗುವವರಿಗೆಲ್ಲ ನಾನೇ ಹಸಿರು ತೋರಿಸುತ್ತಿದ್ದೇನೆ. ಗಾಡಿ ಹೋಗುತ್ತದೆ, ಅದರ ಗಾಳಿಗೆ ಸೆರಗು ಹಾರುತ್ತದೆ, ನಾನು ಇದ್ದಲ್ಲೇ ಇರುತ್ತೇನೆ. ಒಮ್ಮೆಯಾದರೂ ಹೋಗುವವಳು ನಾನಾಗಬೇಕು ಅನ್ನಿಸಿತು. ಆ ಹಳದಿ ಗಾಡಿಯಲ್ಲಿ ಕೂತು ಗೇರಿನ ಮೇಲೆ ಕೈಯಿಟ್ಟಾಗ ಹಾಗೆ ಅನ್ನಿಸಿತು. ನಿನಗೂ ಮೂರನೇ ಗೇರಿನಲ್ಲಿ ಅದೇ ಆಗಿದೆ, ಇಲ್ಲ ಅನ್ನಬೇಡ.

ಇನ್ನು ನಿನ್ನ ಭಯಕ್ಕೆ ಉತ್ತರ. ನೀನು ಇನ್ಸ್‌ಪೆಕ್ಟರ್ ಆಗಿದ್ದವನು, ಸಾಕ್ಷಿ ನಿನ್ನ ಕೈಯಲ್ಲೇ ಇದೆ. ನನ್ನ ಮೊದಲನೇ ಕಾಗದ ತೆಗೆದು ನೋಡು. ಮೈಲೇಜ್ ಎಷ್ಟು ಎಂದು ಮೊದಲಿನ ಯಜಮಾನರಿಗೆ ಫೋನ್ ಮಾಡಿದ್ದೆ. ಸಾಮಾನು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದೆ. ಟೈರು ಎರಡು ವರ್ಷ ಬಾಳುತ್ತವಾ ಎಂದು ನೋಡಿದ್ದೆ. ದಿನಾ ಓಡಿಸುವುದಕ್ಕೆ ಬೇಕು ಎಂದು ಬರೆದಿದ್ದೆ. ಸಾಯಲು ಹೊರಟವಳು ಮೈಲೇಜ್ ಕೇಳುತ್ತಾಳಾ ಅಣ್ಣ?

ನನ್ನ ಬಳೆ ಕಳಿಸಿಕೊಡು.

ನಿನ್ನ ತಂಗಿ,
ರೇಣುಕಾ


ಹಿರಿಯೂರು
೧ ಸೆಪ್ಟೆಂಬರ್ ೨೦೨೪

ತಂಗಿ ರೇಣುಕಾಗೆ,

ನಿನ್ನ ಮೊದಲನೇ ಕಾಗದ ತೆಗೆದು ಮತ್ತೆ ಓದಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಎರಡೂವರೆ ತಿಂಗಳು ಊರೆಲ್ಲ ಸುತ್ತಿದ್ದೇನೆ. ಕಮಲಮ್ಮ ಬೈಯುತ್ತಿದ್ದಾಳೆ, ಬೈಯಲಿ.

ನಿನ್ನೆ ಮುಝಫರನನ್ನು ನೋಡಿ ನನ್ನ ಹೆಸರು ತೆಗೆಸಿ ನಿನ್ನ ಹೆಸರು ಬರೆಸಿದೆ. ನೀನು ಹೋಗಿ ಕೀ ತೆಗೆದುಕೊಳ್ಳುವುದೊಂದೇ ಬಾಕಿ. ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಕಾಗದದ ಪೊಟ್ಟಣವಿದೆ, ಅದರಲ್ಲಿ ನಿನ್ನ ಬಳೆ. ಅದರ ಮೇಲೆ ಸಹಿ ಹಾಕಿಲ್ಲ. ಟೈರಿನ ಗಾಳಿ ಮಾತ್ರ ಬೇರೆ ಕಡೆ ಚೆಕ್ ಮಾಡಿಸು. ಮುಝಫರ್ ಒಳ್ಳೆಯವನೇ, ಅವನ ಮೀಟರಿನ ಮೇಲೆ ನನಗೆ ನಂಬಿಕೆಯಿಲ್ಲ. ಹೊಳಲ್ಕೆರೆಯ ಈಚೆಯ ಎರಡು ಹಂಪಿಗೆ ನಾನೇ ಸುಣ್ಣದ ಪಟ್ಟೆ ಬಳಿಸುತ್ತೇನೆ, ದೂರದಿಂದ ಕಾಣಲಿ.

ಚೌತಿಯ ಗದ್ದಲ ಮುಗಿದ ಮೇಲಿನ ಭಾನುವಾರ ಹೊಳಲ್ಕೆರೆ ಗಣಪತಿಯ ಹತ್ತಿರ ಗಾಡಿ ಪೂಜೆ ಮಾಡಿಸು. ನಾವಿಬ್ಬರೂ ಬರುತ್ತೇವೆ. ನಿಂಬೆಹಣ್ಣು ಕಮಲಮ್ಮ ತರುತ್ತಾಳೆ. ಪೂಜೆಯಾದ ಮೇಲೆ ನನ್ನನ್ನು ಪಕ್ಕದ ಸೀಟಿಗೆ ಕರೆಯುತ್ತೀಯ, ನನಗೆ ಗೊತ್ತು. ನಾನು ಕೂರುವುದಿಲ್ಲ. ಅಲ್ಲಿ ನಿನ್ನ ಊಟದ ಡಬ್ಬಿ ಇರಲಿ.

ನಾನು ಚಿಕ್ಕಜಾಜೂರಿನ ರಸ್ತೆಯಲ್ಲಿ ಒಂದಿಷ್ಟು ಮುಂದೆ ಹೋಗಿ ಬದಿಯಲ್ಲಿ ನಿಂತಿರುತ್ತೇನೆ. ಹೆಗಲ ಮೇಲಿನ ಹಸಿರು ಟವೆಲ್ಲು ಕೈಯಲ್ಲಿರುತ್ತದೆ. ನನ್ನನ್ನು ನೋಡಿದ ಮೇಲೆ ನಿಲ್ಲಿಸಬೇಡ ತಾಯಿ, ಹೋಗು. ಸಂಜೆ ಬಂದೆ ಎಂದು ಒಂದು ಫೋನ್ ಮಾಡು. ಸ್ಪೀಕರಿನಲ್ಲೇ ಇರಲಿ, ಎಲ್ಲರೂ ಕೇಳಲಿ.

ಅಣ್ಣ,
ರೇವಣಸಿದ್ದಪ್ಪ